ಐದು ಮೆಟ್ಟಿಲಿನ ಪಾಠ

ಪಾಠ ಹೇಳುವ ಗಂಗಾದೇವಿ ಅಕ್ಕಾರು ಬಲು ಸಿಡುಕಿನ ಹೆಂಗಸು ಎಂದು ಬೆಳಗಾವಿಯಲ್ಲಿ ಹೆಸರಾಗಿತ್ತು. ಹಾಗೆ ಹೆಸರಿಟ್ಟವರು ಯಾರೆಂದು ಹುಡುಕಿಕೊಂಡು ಹೋದರೆ, ಅಷ್ಟೂ ಜನ ಆ ಸಿಟ್ಟಿಗೆ ಕಾರಣರಾದವರೇ. ಮನೆಗೆ ಬೆಂಕಿ ಇಟ್ಟವನೇ ಒಳಗೆ ಬಂದು ಕೂತು ‘ಏನ್ರಿ ಇಷ್ಟು ಸೆಕೆ’ ಎಂದು ಬೀಸಣಿಗೆ ಕೇಳಿದ ಹಾಗೆ. ಅಕ್ಕಾರಿಗೆ ಸಿಟ್ಟು ಬರುತ್ತಿದ್ದದ್ದು ಖರೆ. ಬರಬೇಕಾದ ಜಾಗದಲ್ಲೇ ಬರುತ್ತಿತ್ತು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ. ಅದನ್ನು ಹೇಳಲಿಕ್ಕೇ ಈ ಕಥೆ.

ಅವರು ಖಾನಾಪುರದವರು. ತಂದೆ ಕಲ್ಲಯ್ಯ ಸಂತೆಯಲ್ಲಿ ವಿಭೂತಿ, ಊದಿನಕಡ್ಡಿ, ಕರಡಿಗೆಯ ದಾರ ಇಟ್ಟುಕೊಂಡು ಕೂರುತ್ತಿದ್ದವನು. ಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ಮರಾಠಿ. ಖಾನಾಪುರದ ಮಕ್ಕಳಿಗೆ ಯಾವ ಮಾತು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಯಿತು ಎಂಬುದರ ಪರಿವೆಯೇ ಇರುವುದಿಲ್ಲ. ಗಂಗಾದೇವಿ ಊರ ಸಾಲಿಯಲ್ಲಿ ಕಲಿತದ್ದು ಬೆತ್ತದ ಕೈಯಲ್ಲಿ. ಮಗ್ಗಿ ತಪ್ಪಿದರೆ ಅಂಗೈ ಬಾತುಕೊಳ್ಳುತ್ತಿತ್ತು, ಯಾಕೆ ಎಂದು ಕೇಳಿದರೆ ಎರಡೂ ಅಂಗೈ. ಮದುವೆಯಾಯಿತು, ಗಂಡ ಪ್ಲೇಗಿಗೆ ತೀರಿಕೊಂಡ, ಹುಡುಗಿ ಇನ್ನೂ ಹುಡುಗಿಯಾಗಿರುವಾಗಲೇ ತೌರಿಗೆ ಬಂದಳು. ನೆಂಟರು ಒಂದೊಂದು ಮೂಲೆ ತೋರಿಸಿದರು, ಇಲ್ಲಿ ಕೂತಿರಲಿ, ಅಲ್ಲಿ ಬಿದ್ದಿರಲಿ ಎಂದು. ಕಲ್ಲಯ್ಯ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೋದ ಶತಮಾನದ ಇಪ್ಪತ್ತರ ದಶಕ ಆಗ ತಾನೇ ಹುಟ್ಟಿತ್ತು. ಹೆಣ್ಣುಮಕ್ಕಳಿಗೆ ಪಾಠ ಹೇಳಲು ಹೆಂಗಸರೇ ಬೇಕು ಎಂದು ಸರಕಾರ ಹುಡುಕುತ್ತಿತ್ತು. ಮಗಳನ್ನು ರೈಲು ಹತ್ತಿಸಿ ಬೆಳಗಾವಿಯ ಟ್ರೇನಿಂಗ್ ಸಾಲಿಗೆ ತಾನೇ ಬಿಟ್ಟು ಬಂದ.

ಅಲ್ಲಿ ಶಿಕ್ಷಣಶಾಸ್ತ್ರ ಹೇಳುತ್ತಿದ್ದವರು ಮುಖ್ಯಾಧ್ಯಾಪಕರಾದ ತ್ರ್ಯಂಬಕರಾಯರು. ಜರಿ ರುಮಾಲು, ನಶ್ಯದ ಡಬ್ಬಿ, ಗಂಟೆಯಂಥ ಕಂಠ. ಜರ್ಮನಿಯ ಒಬ್ಬ ದೊಡ್ಡ ಪಂಡಿತ ಕಂಡುಹಿಡಿದ ಐದು ಮೆಟ್ಟಿಲುಗಳನ್ನು ಅವರು ಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದರು: ಸಿದ್ಧತೆ, ಮಂಡನೆ, ಹೋಲಿಕೆ, ಸಿದ್ಧಾಂತ, ಪ್ರಯೋಗ. ಮಗು ತಿಳಿದದ್ದರಿಂದ ತಿಳಿಯದ್ದಕ್ಕೆ ಒಂದೊಂದೇ ಮೆಟ್ಟಿಲು ಹತ್ತಬೇಕು. ಉತ್ತರವನ್ನು ಮಾಸ್ತರು ಹೇಳಬಾರದು, ಮಗುವಿನ ಬಾಯಿಂದಲೇ ಬರಬೇಕು. ತಾನಾಗಿ ಕಂಡುಕೊಂಡದ್ದೇ ವಿದ್ಯೆ, ಉಳಿದದ್ದು ಬರೀ ಗಿಳಿಪಾಠ. ಈ ಮಾತು ಕೇಳಿದ ದಿನ ಗಂಗಾದೇವಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ತನ್ನ ಅಂಗೈ ಬಾತದ್ದು ತನ್ನ ತಪ್ಪಲ್ಲ ಎಂದು ಕಡೆಗೂ ಒಬ್ಬರು ಹೇಳಿದ್ದರು. ಆ ಉಪಕಾರವನ್ನು ಅಕ್ಕಾರು ಎಂದೂ ಮರೆಯಲಿಲ್ಲ, ಅವರ ಸಿಟ್ಟು ಅಷ್ಟು ಉರಿದದ್ದೂ ಅದಕ್ಕೇ.

ಪರೀಕ್ಷೆಯಲ್ಲಿ ಮೊದಲಿಗರಾಗಿ ಬಂದರು. ಟ್ರೇನಿಂಗ್ ಸಾಲಿಗೆ ಹೊಂದಿಕೊಂಡು ಹೆಣ್ಣುಮಕ್ಕಳ ಒಂದು ಚಿಕ್ಕ ಸಾಲಿ ಇತ್ತು, ಜನರ ಬಾಯಲ್ಲಿ ಸರಾವಿನ ಸಾಲಿ. ಕಲಿಸುವುದನ್ನು ಕಲಿಯಲು ಬಂದ ಬಾಯಂದಿರು ಅಲ್ಲಿನ ಮಕ್ಕಳ ಮೇಲೆ ಪಾಠ ಹೇಳಿ ಪಳಗುವ ಸರಾವು ಮಾಡಬೇಕು, ಹಿಂದಿನ ಬೆಂಚಿನಲ್ಲಿ ಕೂತು ರಾಯರು ಗುಣ, ಅಂದರೆ ಮಾರ್ಕು, ಹಾಕಬೇಕು. ಆ ಸಾಲಿಯ ಎರಡನೇ ಇಯತ್ತೆಯ ತರಗತಿಗೆ ಗಂಗಾದೇವಿ ಅಕ್ಕಾರಾಗಿ ನೇಮಕವಾದರು. ಶಾಸ್ತ್ರ ಹುಟ್ಟುವ ಜಾಗದಲ್ಲೇ ಕೆಲಸ! ಖಾನಾಪುರಕ್ಕೆ ಹೋಗಿ ಪೇಢೆ ಹಂಚಿ ಬಂದರು.

ಪೇಢೆಯ ಸಿಹಿ ಬಹಳ ದಿನ ನಿಲ್ಲಲಿಲ್ಲ. ಒಂದು ಬೆಳಿಗ್ಗೆ ಗೋಕಾಕ ಕಡೆಯ ಬಾಯಿ ಒಬ್ಬಾಕೆ ‘ಆಕಳು’ ಪಾಠ ಮಾಡಿದಳು. ಚಿತ್ರ ತೂಗುಹಾಕಿ, “ಮಕ್ಕಳೇ, ನಮಗೆ ಹಾಲು ಯಾರು ಕೊಡುತ್ತಾರೆ?” ಎಂದಳು. ಇಡೀ ತರಗತಿ ಸುಮ್ಮನೆ. ಬೆಳಗಾವಿಯ ಓಣಿಗಳಲ್ಲಿ ಆಕಳನ್ನು ದಾಟಿಕೊಳ್ಳದೆ ಯಾವ ಮಗುವೂ ಸಾಲಿಗೆ ಬರುವಂತಿರಲಿಲ್ಲ, ಆದರೂ ಸುಮ್ಮನೆ. ಮತ್ತೆ ಕೇಳಿದಳು. ವಕೀಲರ ಮಗಳು ಅಲಕಾ ಕೈ ಎತ್ತಿ, ಕಣ್ಣು ಅರಳಿಸಿ, “ಗೌಳಿಗ್ಯಾರ್ರಿ” ಎಂದಳು. ಬಾಯಿ ನಕ್ಕಳು, ಹಿಂದೆ ರಾಯರೂ ನಕ್ಕು ತಲೆ ಆಡಿಸಿದರು. ಮೂರನೇ ಸಲ ಕೇಳಿದಾಗ ತರಗತಿಗೆಲ್ಲ ಒಮ್ಮೆಲೇ ಜ್ಞಾನೋದಯವಾಗಿ, “ಆಕಳಾ!” ಎಂಬ ಉದ್ಗಾರ ಮಾಡಿನ ಹಂಚು ನಡುಗಿಸಿತು. ಹೀಗೆ ಐದು ಮೆಟ್ಟಿಲು ಹತ್ತಿ ಪಾಠ ಮೇಲೆ ಮುಟ್ಟಿತು.

ಪಾಠ ಮುಗಿದ ಮೇಲೆ ಅಕ್ಕಾರು ಅಲಕಾಳನ್ನು ಕರೆದರು. “ಯಾಕವ್ವಾ, ಗೌಳಿಗ್ಯಾರು ಹಾಲು ಕೊಡ್ತಾರೇನು?”

ಹುಡುಗಿ ಕಿಲಕಿಲ ನಕ್ಕಳು. “ಇಲ್ರಿ ಅಕ್ಕಾರ. ಎರಡನೇ ಸಲ ಕೇಳಿದಾಗ ತಪ್ಪು ಹೇಳೂ ಪಾಳಿ ನಂದರಿ.”

ಪಾಳಿ! ಅಂದರೆ ಮಕ್ಕಳಿಗೆ ಎಲ್ಲ ಗೊತ್ತಿತ್ತು. ಅದೇ ಪಾಠಗಳು, ಅದೇ ಚಿತ್ರಗಳು, ವರ್ಷವರ್ಷವೂ ಹೊಸ ಹೊಸ ಬಾಯಂದಿರು. ಮೊದಲ ಪ್ರಶ್ನೆಗೆ ಬಾಯಿ ಮುಚ್ಚಿಕೊಂಡಿರಬೇಕು, ಎರಡನೆಯದಕ್ಕೆ ಒಬ್ಬಳು ತಪ್ಪಬೇಕು, ಮೂರನೆಯದಕ್ಕೆ ಎಲ್ಲರೂ ‘ಕಂಡುಕೊಳ್ಳಬೇಕು’. ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ಯಾವಾಗ ನಗು ಸಿಗುತ್ತದೆ, ಯಾವಾಗ ಹುಬ್ಬು ಗಂಟಿಕ್ಕುತ್ತದೆ ಎಂದು ನೋಡಿ ನೋಡಿ ಮಕ್ಕಳೇ ಕಲಿತದ್ದು. ತಾನಾಗಿ ಕಂಡುಕೊಂಡ ವಿದ್ಯೆ ಎಂದರೆ ಆ ಸಾಲಿಯಲ್ಲಿ ಇದೊಂದೇ. ಗುಟ್ಟು ತಿಳಿದ ಕೆಲವು ಬಾಯಂದಿರು ಪಾಠದ ಹಿಂದಿನ ದಿನ ಅಲಕಾಳ ಕೈಯಲ್ಲಿ ಪೆಪ್ಪರಮಿಂಟು ಇಟ್ಟು, “ನಾಳೆ ಚಲೋತ್ನ್ಯಾಗಿ ತಪ್ಪವ್ವಾ” ಎಂದು ಗಲ್ಲ ಸವರುತ್ತಿದ್ದರು. ಇತ್ತ ಪುಸ್ತಕ ತೆಗೆದು ಓದು ಎಂದರೆ ಅರ್ಧ ತರಗತಿಗೆ ಕಾಗುಣಿತ ಬಾರದು. ಬರುವುದು ಹೇಗೆ? ದಿನವೆಲ್ಲ ಆ ಮಕ್ಕಳಿಗೆ ತಿಳಿಯದವರಾಗಿರುವ ಕೆಲಸ.

ಇಂಥ ತರಗತಿಗೆ ಸಾತವ್ವ ಬಂದಳು. ಪೀರನವಾಡಿಯಿಂದ ತರಕಾರಿ ಬುಟ್ಟಿ ಹೊತ್ತು ಪೇಟೆಗೆ ಬರುವ ಭರಮವ್ವನ ಮಗಳು. ಎಣ್ಣೆ ಕಾಣದ ತಲೆ, ಚೂಪು ಕಣ್ಣು. ಈ ಹುಡುಗಿಗೆ ಪಾಳಿ ಗೊತ್ತಿರಲಿಲ್ಲ, ಗೊತ್ತಾದರೂ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಪ್ರಶ್ನೆ ಅರ್ಧ ಬಾಯಲ್ಲಿರುವಾಗಲೇ ಉತ್ತರ ಹಾರಿ ಬೀಳುತ್ತಿತ್ತು. ಸಿದ್ಧತೆಯಲ್ಲೇ ಸಿದ್ಧಾಂತ ಹೇಳಿಬಿಟ್ಟರೆ ನಡುವಿನ ಮೆಟ್ಟಿಲುಗಳಿಗೆ ಏನು ಗತಿ? ಒಬ್ಬ ಬಾಯಿ ಹಲಗೆಯ ಮುಂದೆಯೇ ಅತ್ತುಬಿಟ್ಟಳು. ರಾಯರು ಸಾತವ್ವನನ್ನು ಗದರಲಿಲ್ಲ, ಹೊಡೆಯಲಿಲ್ಲ. ಶಾಸ್ತ್ರ ಓದಿದವರು ಹೊಡೆಯುವುದಿಲ್ಲ. ಪಾಠ ಇದ್ದಾಗಲೆಲ್ಲ ಆ ಹುಡುಗಿಯನ್ನು ಹೊರಗೆ ಕಳಿಸಿ, ಹಿತ್ತಲ ಬಾವಿಯಿಂದ ನೀರು ಸೇದಿ ಗಿಡಗಳಿಗೆ ಹಾಕಿಸಿರಿ ಎಂದು ಅಪ್ಪಣೆ ಮಾಡಿದರು. ‘ಕೈಕೆಲಸವೂ ಶಿಕ್ಷಣವೇ’ ಎಂದು ಅದಕ್ಕೊಂದು ತತ್ವವನ್ನೂ ಕೊಟ್ಟರು. ಪಾಠ ದಿನಕ್ಕೆ ಮೂರು ನಾಲ್ಕು ಇರುತ್ತಿದ್ದವು. ಸಾಲಿಯ ಗಿಡಗಳು ಬೇಸಿಗೆಯಲ್ಲೂ ಹಚ್ಚಗಿದ್ದವು.

ಒಂದು ಸಂಜೆ ಭರಮವ್ವ ಖಾಲಿ ಬುಟ್ಟಿ ಕಂಕುಳಲ್ಲಿ ಇರುಕಿಕೊಂಡು ಬಂದು ಬಾಗಿಲಲ್ಲೇ ನಿಂತಳು. “ಅಕ್ಕಾರ, ನನ್ನ ಮಗಳು ಸಾಲ್ಯಾಗ ಏನ ಕಲೀತಾಳ್ರಿ?”

ಅಕ್ಕಾರು ಹಾಜರಿ ಪುಸ್ತಕ ಹುಡುಕಿದರು. ಭರಮವ್ವ ಅದು ಸಿಗುವ ತನಕ ಕಾಯಲಿಲ್ಲ.

“ನಾ ಹೇಳ್ತೀನಿ ಕೇಳ್ರಿ. ನೀರ ಹಾಕೂದು ಕಲತಾಳ. ಆ ಕೆಲಸ ನಮ್ಮ ಹೊಲದಾಗೂ ಐತ್ರಿ, ಅದಕ್ಕ ಪಾಟಿ-ಪುಸ್ತಕ ಬೇಕಾಗೂದಿಲ್ಲ. ದೀಪಾವಳಿ ಮಟ ನೋಡ್ತೀನಿ. ಆಮ್ಯಾಲೂ ಹಿಂಗ ಇತ್ತಂದ್ರ ಬಿಡಿಸಿ ನನ್ನ ಬುಟ್ಟಿಗೆ ಹಚಗೋತೀನಿ.”

ಆಕೆ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗಂಗಾದೇವಿಗೆ ಮೈಯೆಲ್ಲ ಉರಿದುಹೋಯಿತು. ಇಡೀ ತರಗತಿಯಲ್ಲಿ ಯೋಚಿಸುವ ಒಂದೇ ಒಂದು ಮಗುವನ್ನು ಯೋಚಿಸಿದ ತಪ್ಪಿಗೆ ಹೊರಗಟ್ಟಿ, ಆ ತರಗತಿಗೆ ‘ಮಾದರಿ’ ಎಂದು ಹೆಸರು! ಮರುದಿನವೇ ರಾಯರ ಕೋಣೆಗೆ ಹೋದರು.

ರಾಯರು ಮಾತಿನಲ್ಲಿ ಎಂದೂ ಸಭ್ಯತೆ ಬಿಟ್ಟವರಲ್ಲ. “ಕುಂದರ್ರಿ ಅಕ್ಕಾರ. ಪಾಠ ಅಂದ್ರ ಮೆಟ್ಟಲಾ ಅದ. ಒಮ್ಮೆಲೇ ಮಾಳಿಗಿಗೆ ಜಿಗೀಲಿಕ್ಕೆ ಬರೂದಿಲ್ಲ. ಆ ಹುಡುಗಿ ಜಿಗೀತಾಳ.”

“ಆಕಿ ಆಗಲೇ ಮಾಳಿಗಿ ಮ್ಯಾಲ ಅದಾಳ್ರಿ. ಕೆಳಗಿಳಿಸಿ ಮತ್ತ ಹತ್ತಸಬೇಕೇನ್ರಿ?”

“ಟ್ರೇನಿಂಗಿನ ಬಾಯಂದಿರ ಹೊಟ್ಟೀ ಪ್ರಶ್ನ ಅದ. ಅವರ ಪಾಠ ಕೆಟ್ರ ಗುಣ ಹೋಗ್ತಾವ, ಗುಣ ಹೋದ್ರ ನೌಕರಿ ಹೋಗ್ತದ. ನೀವೂ ಹಂಗೇ ಪಾಸಾದವರು. ನೀವು ಪಾಠ ಮಾಡಿದಾಗ ಮಕ್ಕಳು ಎಷ್ಟು ಚಲೋ ಉತ್ತರಾ ಕೊಟ್ರು, ನೆನಪದ ಏನು?”

ನೆನಪಿತ್ತು. ಆ ದಿನ ಮಕ್ಕಳ ಕಣ್ಣು ಅರಳಿದ್ದನ್ನು ಕಂಡು ತಾನು ಎಷ್ಟು ಹಿಗ್ಗಿದ್ದೆ ಎಂಬುದೂ ನೆನಪಿತ್ತು. ತನ್ನನ್ನೂ ಮೂರ್ಖಳನ್ನಾಗಿ ಮಾಡಿದ್ದರು. ಅಕ್ಕಾರು ಕುರ್ಚಿ ಸರಿಸಿ ಎದ್ದರು. ಸಿಡುಕಿ ಎಂಬ ಹೆಸರು ಮೊದಲು ಹುಟ್ಟಿದ್ದು ಆ ಕೋಣೆಯಲ್ಲಿ.

ದೀಪಾವಳಿಗೆ ಮುಂಚೆ ಪುಣೆಯಿಂದ ದೊಡ್ಡ ತಪಾಸಣೆ ಬಂತು. ಬಂದವರು ಒಬ್ಬ ಬಿಳಿಯ ಬಾಯಿಸಾಹೇಬರು. ಮರಾಠಿ ಬಲ್ಲವರು, ಕನ್ನಡ ಒಂದಕ್ಷರ ಬಾರದು. ಅವರ ಮುಂದೆ ಮಾದರಿ ಪಾಠವನ್ನು ಸ್ವತಃ ರಾಯರೇ ಮಾಡುವವರಿದ್ದರು, ಗಂಗಾದೇವಿಯ ತರಗತಿಗೆ. ವಿಷಯ, ತೇಲುವುದು ಮತ್ತು ಮುಳುಗುವುದು. ಆ ಬೆಳಿಗ್ಗೆ ಸಾತವ್ವ ತಾನಾಗಿಯೇ ಕೊಡ ಎತ್ತಿಕೊಂಡು ಹಿತ್ತಲಿಗೆ ಹೊರಟಿದ್ದಳು. ಅಕ್ಕಾರು ಕೊಡ ಕಸಿದು ಕೆಳಗಿಟ್ಟು, ಕೈ ಹಿಡಿದು ತಂದು ಮೊದಲ ಸಾಲಿನಲ್ಲಿ ಕೂರಿಸಿದರು. “ಗೊತ್ತಿದ್ದದ್ದು ಹೇಳು. ಯಾರಿಗೂ ಅಂಜಬ್ಯಾಡ” ಎಂದರು.

ಮೇಜಿನ ಮೇಲೆ ನೀರಿನ ಬೋಗುಣಿ. ಪಕ್ಕದಲ್ಲಿ ಬೂಚು, ಕಟ್ಟಿಗೆಯ ಚೂರು, ಕಲ್ಲು, ಕಬ್ಬಿಣದ ಮೊಳೆ. ರಾಯರು ಸಾತವ್ವನನ್ನು ಕಂಡು ಒಂದು ಗಳಿಗೆ ತಡೆದರು. ಬಾಯಿಸಾಹೇಬರ ಮುಂದೆ ಎಬ್ಬಿಸಿ ಕಳಿಸುವಂತಿರಲಿಲ್ಲ. ಪಾಠ ಶುರುವಾಯಿತು. ಬೂಚು ತೇಲಿತು, ಕಲ್ಲು ಮುಳುಗಿತು, ಅಲಕಾ ತನ್ನ ಪಾಳಿಯಲ್ಲಿ ಮುದ್ದಾಗಿ ತಪ್ಪಿದಳು. ಮೂರನೇ ಮೆಟ್ಟಿಲಿನ ತನಕ ಸಾತವ್ವ ತುಟಿ ಕಚ್ಚಿಕೊಂಡು ಕೂತಿದ್ದಳು. “ಹಾಗಾದರೆ ಹಗುರವಾದದ್ದು ತೇಲುತ್ತದೆ, ಭಾರವಾದದ್ದು...” ಎಂದು ರಾಯರು ತರಗತಿಯತ್ತ ಕೈ ಚಾಚುತ್ತಲೂ ಎದ್ದು ನಿಂತಳು.

“ಹಂಗಲ್ರಿ. ತಾಮ್ರದ ಕೊಡಾ ಆ ಮೊಳಿಗಿಂತ ಭಾಳ ಭಾರ ಅದರಿ. ಬಾವ್ಯಾಗ ಬಿಟ್ರ ತೇಲತದ್ರಿ. ಹಗ್ಗಾ ಜಗ್ಗಿ ಮಗ್ಗಲಾ ಮಾಡಿ ನೀರ ಹೊಗಿಸಿದ್ರನ ಮುಳುಗತದ.”

ರಾಯರ ಐದು ಮೆಟ್ಟಿಲೂ ಒಂದೇ ಏಟಿಗೆ ಅಲುಗಾಡಿದವು. ಬಾಯಿಸಾಹೇಬರು ಮರಾಠಿಯಲ್ಲಿ, ಹುಡುಗಿ ಏನೆಂದಳು ಎಂದು ಕೇಳಿದರು. ರಾಯರು ನಸುನಕ್ಕು, ನೀರು ಕುಡಿಯಲು ಹೊರಗೆ ಹೋಗಬೇಕಂತೆ ಎಂದರು.

ಅಷ್ಟು ಚೆನ್ನಾದ ಮರಾಠಿಯಲ್ಲಿ ಅಷ್ಟು ಹಸಿ ಸುಳ್ಳು! ಹಿಂದೆ ಗೋಡೆಗೆ ನಿಂತಿದ್ದ ಗಂಗಾದೇವಿ ಮುಂದೆ ಬಂದು, ಖಾನಾಪುರದ ಸಂತೆಯಲ್ಲಿ ಕಲಿತ ಒರಟು ಮರಾಠಿಯಲ್ಲಿ ಸಾತವ್ವ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದರು. ಬಾಯಿಸಾಹೇಬರು ಹುಬ್ಬೇರಿಸಿದರು. ಅವರಿಗೆಂದು ಇಟ್ಟಿದ್ದ ಕುಡಿಯುವ ನೀರಿನ ತಂಬಿಗೆಯ ಮೇಲೆ ಬಟ್ಟಲಿನಂಥ ಹಿತ್ತಾಳೆಯ ವಾಟಿ ಮುಚ್ಚಿತ್ತು. ಅಕ್ಕಾರು ಅದನ್ನು ತೆಗೆದು ಬೋಗುಣಿಯಲ್ಲಿ ಬಿಟ್ಟರು. ದಪ್ಪ ಹಿತ್ತಾಳೆ, ಮೊಳೆಯ ಹತ್ತರಷ್ಟು ತೂಕ. ತೇಲಿತು. ಎಲ್ಲರ ಕಣ್ಣೆದುರಿಗೇ ತೇಲಿತು.

ರಾಯರ ಮುಖ ಬಿಳಿಚಿತು. ಆದರೆ ಆ ಗಂಟೆಯಂಥ ಕಂಠ ಒಂದಿಷ್ಟೂ ನಡುಗಲಿಲ್ಲ. “ಸಾತವ್ವಾ, ಇಲ್ಲಿ ನೋಡು. ಇದನ್ನ ನಿನಗ ಯಾರು ಹೇಳಿಕೊಟ್ರು? ಅಕ್ಕಾರು ಹೇಳಿಕೊಟ್ರೇನು? ವಾಟಿ ಏನ ಮಾಡ್ಲಿಕತ್ತದ, ಹೇಳು.”

ಹುಡುಗಿ ರಾಯರನ್ನು ನೋಡಿದಳು, ಅಕ್ಕಾರನ್ನು ನೋಡಿದಳು. ಅಕ್ಕಾರ ಮೇಲೆ ಏನೋ ಬರುತ್ತಿದೆ ಎಂದಷ್ಟು ಅವಳಿಗೆ ತಿಳಿಯಿತು. ಚೂಪು ಕಣ್ಣು ಮೆಲ್ಲಗೆ ಅರಳಿದವು, ಥೇಟು ಅಲಕಾಳ ಹಾಗೆ.

“ಗೊತ್ತಿಲ್ರಿ” ಎಂದಳು.

“ಶಾಬಾಸ್. ಕೂಡು. ಮಕ್ಕಳೇ, ಭಾರವಾದ ವಸ್ತು ಏನು ಮಾಡುತ್ತದೆ?”

ಮೇಜಿನ ಮೇಲೆ ಹಿತ್ತಾಳೆಯ ವಾಟಿ ತೇಲುತ್ತಲೇ ಇತ್ತು. ಇಡೀ ತರಗತಿ ಅದನ್ನೇ ನೋಡುತ್ತಾ ಒಕ್ಕೊರಲಿನಿಂದ ಕೂಗಿತು: “ಮುಳುಗತದ್ರೀ!”

ಬಾಯಿಸಾಹೇಬರು ಗಡಿಯಾರ ನೋಡಿ ಮುಂದಿನ ಕೋಣೆಗೆ ಎದ್ದರು. ಮಕ್ಕಳು ಬಹಳ ಚುರುಕು ಎಂದು ಹೋಗುವಾಗ ಹೇಳಿದರಂತೆ. ಏನು ಹೇಳುವುದು ಇಂಥವರಿಗೆ? ಕಣ್ಣೆದುರಿನದನ್ನು ಕಾಣಬಾರದೆಂದು ಒಂದು ಮಗುವಿಗೆ ಕಲಿಸಬಹುದು ಎಂದರೆ ಯಾರೂ ನಂಬಲಿಕ್ಕಿಲ್ಲ. ಅಲ್ಲಿ ಕಲಿಸಿದ್ದರು, ಅದಕ್ಕೆ ಗುಣವನ್ನೂ ಹಾಕಿದ್ದರು.

ಅಪಮಾನ ಮಾಡಿದ ಅಕ್ಕಾರಿಗೆ ಶಿಕ್ಷೆ ಬೇಕಲ್ಲ? ಖಾನಾಪುರದ ಹೆಣ್ಣುಮಕ್ಕಳ ಸಾಲಿಗೆ, ಒಂದೇ ಕೋಣೆಯ ಸಾಲಿಗೆ, ವರ್ಗ ಮಾಡಿದರು. ಹುಟ್ಟಿದೂರಿಗೆ ಅಟ್ಟುವುದನ್ನು ಶಿಕ್ಷೆ ಎಂದುಕೊಂಡ ರಾಯರ ಬುದ್ಧಿಗೆ ಏನೆನ್ನೋಣ. ಅಕ್ಕಾರು ಗಂಟು ಕಟ್ಟುವ ಮೊದಲು ಪೀರನವಾಡಿಗೆ ನಡೆದುಕೊಂಡು ಹೋದರು. ಭರಮವ್ವ ಮಗಳನ್ನು ಆಗಲೇ ಸಾಲಿ ಬಿಡಿಸಿದ್ದಳು. ಸಾತವ್ವ ಅಂಗಳದಲ್ಲಿ ಮೆಂತ್ಯದ ಸಿವುಡು ಕಟ್ಟುತ್ತಿದ್ದಳು.

“ನಿಮ್ಮ ಅವ್ವ ಖಾನಾಪುರದಾಗ ಅದಾಳಲ್ಲ. ಹುಡುಗೀನ ಅಲ್ಲಿ ಇಡ್ರಿ. ನನ್ನ ಸಾಲಿಗೆ ಕಳಸ್ರಿ” ಎಂದರು ಅಕ್ಕಾರು ಭರಮವ್ವನಿಗೆ.

ಭರಮವ್ವ ಮಗಳ ಕೈಯ ಸಿವುಡು ತೆಗೆದುಕೊಂಡು ಬುಟ್ಟಿಗೆ ಹಾಕಿದಳು. “ಅಲ್ಲಿ ಗಿಡ ಅದಾವೇನ್ರಿ?”

“ಅದಾವು. ನೀರು ನಾ ಹಾಕ್ತೀನಿ.”

ಹೀಗೆ ಸಾತವ್ವ ಅಜ್ಜಿಯ ಮನೆಗೆ ಬಂದಳು. ಬಂದಳು ಎಂದರೆ ಮೈಮಾತ್ರ ಬಂತು. ಖಾನಾಪುರದ ಹುಡುಗಿಯರಿಗೆ ಪಾಳಿ-ಗೀಳಿ ಗೊತ್ತಿರಲಿಲ್ಲ. ಅಕ್ಕಾರು ಒಂದು ಕೇಳಿದರೆ ಅರ್ಧ ಕನ್ನಡ ಅರ್ಧ ಮರಾಠಿಯಲ್ಲಿ ಹತ್ತು ಉತ್ತರ, ಅವುಗಳ ಮೇಲೆ ಜಗಳ. ಸಾತವ್ವ ಮಾತ್ರ ಆ ಗದ್ದಲದ ನಡುವೆ ಕಣ್ಣರಳಿಸಿ, ಮುದ್ದಾಗಿ, “ಗೊತ್ತಿಲ್ರಿ.” ಎರಡು ಎರಡು ಎಷ್ಟು? ಗೊತ್ತಿಲ್ರಿ. ಮಳೆ ಬರುತ್ತಿದೆಯೇನು? ಗೊತ್ತಿಲ್ರಿ. ಅಕ್ಕಾರು ರಮಿಸಿದರು, ಕಾದರು, ಒಮ್ಮೊಮ್ಮೆ ಮನೆಗೆ ಹೋಗಿ ಗೋಡೆಯ ಜತೆ ಜಗಳ ಆಡಿದರು. ಒಂದು ಮಗುವಿನ ಬಾಯಿಗೆ ಇಂಥ ಬೀಗ ಜಡಿದವರಿಗೆ ಪಿಂಚಣಿ ಸಿಗುತ್ತದೆ, ಮಾನಪತ್ರ ಸಿಗುತ್ತದೆ! ರಾಯರಿಗೆ ಎರಡೂ ಸಿಕ್ಕವು.

ಚಳಿ ಮುಗಿಯುವ ಹೊತ್ತಿಗೆ ಅಕ್ಕಾರು ತರಗತಿಯನ್ನು ಮಲಪ್ರಭೆಯ ದಂಡೆಗೆ ಕರೆದೊಯ್ದು ಜೇಡಿಮಣ್ಣು ತಂದು, ಮಕ್ಕಳ ಕೈಯಲ್ಲಿ ಹಣತೆ, ಕುಡಿಕೆ ಮಾಡಿಸಿದರು. ಕುಂಬಾರ ಕರೆಪ್ಪ ಅವನ್ನು ತನ್ನ ಆವಿಗೆಯಲ್ಲಿ ಸುಟ್ಟು ಕೊಟ್ಟ. ಹಾಕಿದ್ದು ಬೂದಿಬಣ್ಣದ ಮಣ್ಣು, ಬಂದದ್ದು ಕೆಂಪು ಕುಡಿಕೆ. ಸಾಲಿಯ ಕಟ್ಟೆಯ ಮೇಲೆ ಅವನ್ನು ಸಾಲಾಗಿ ಇಟ್ಟು ಅಕ್ಕಾರು ಕೇಳಿದರು, “ಮಣ್ಣು ಕೆಂಪ್ಯಾಕ ಆತು?”

ಬೆಂಕಿಯ ಬಣ್ಣ ಹತ್ತಿತು ಎಂದಳು ಒಬ್ಬಳು. ಕರೆಪ್ಪ ಗುಟ್ಟಾಗಿ ಬಣ್ಣ ಬಳಿದ ಎಂದಳು ಇನ್ನೊಬ್ಬಳು. ಸಾತವ್ವ ತನ್ನ ಕುಡಿಕೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. “ನೀ ಹೇಳು” ಎಂದರು ಅಕ್ಕಾರು.

“ಗೊತ್ತಿಲ್ರಿ.”

ಅಷ್ಟು ದಿನದ ತಾಳ್ಮೆ ಕಟ್ಟೆಯೊಡೆಯಿತು. “ಸಾಕು ಮಾಡು! ನನ್ನ ಮುಂದ ಆ ನಾಟಕ ಬ್ಯಾಡ. ಇಲ್ಲಿ ರಾಯರೂ ಇಲ್ಲ, ಬಾಯಿಸಾಹೇಬರೂ ಇಲ್ಲ. ಬಾಯಿ ಬಿಟ್ಟು ಹೇಳು!”

ಹುಡುಗಿಯ ಕಣ್ಣು ಈ ಸಲ ಅರಳಲಿಲ್ಲ, ತುಂಬಿದವು. “ಖರೇನ ಗೊತ್ತಿಲ್ರಿ ಅಕ್ಕಾರ. ಅದನ್ನ ನೋಡಾಕತ್ತಿದ್ನಿ.”

ಗಂಗಾದೇವಿ ಕಟ್ಟೆಯ ಮೇಲೆ ಕೂತುಬಿಟ್ಟರು. ಗೊತ್ತಿಲ್ಲ ಎಂಬುದಕ್ಕಿಂತ ದೊಡ್ಡ ಮಾತು ಸಾಲಿಯಲ್ಲಿ ಇನ್ನೊಂದಿಲ್ಲ, ಕಲಿಯುವುದೆಲ್ಲ ಅಲ್ಲಿಂದಲೇ ಶುರು. ಅದನ್ನು ಆ ಮೆಟ್ಟಿಲಿನ ಜನ ಎಷ್ಟು ಕೆಡಿಸಿಟ್ಟಿದ್ದರೆಂದರೆ, ಒಂದು ಮಗು ಅದನ್ನು ನಿಜವಾಗಿ ಹೇಳಿದಾಗ ಅಕ್ಕಾರಿಗೇ ನಂಬಲು ಆಗಲಿಲ್ಲ. ಸಿಟ್ಟು ಉಕ್ಕಿತು, ಹೊರಗೆ ಬಂದದ್ದು ಮಾತ್ರ ಸಣ್ಣ ದನಿ.

“ನನಗೂ ಗೊತ್ತಿಲ್ಲವ್ವಾ.”

ಅದೂ ಖರೆಯೇ. ಟ್ರೇನಿಂಗಿನಲ್ಲಿ ಅದನ್ನು ಯಾರೂ ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಸಾತವ್ವ ಕಣ್ಣೊರೆಸಿಕೊಂಡು ಅಕ್ಕಾರ ಮುಖವನ್ನು ದಿಟ್ಟಿಸಿದಳು. ಹುಬ್ಬು, ತುಟಿ, ಕಣ್ಣು, ಒಂದೊಂದನ್ನೂ ನೋಡಿದಳು, ಎಲ್ಲಿ ಮೋಸ ಇದೆ ಎಂದು ಹುಡುಕುವವಳಂತೆ.

“ಖರೇ ಹೇಳಾಕತ್ತೀರೇನ್ರಿ ಅಕ್ಕಾರ,” ಎಂದು ಕೇಳಿದಳು, “ಇಲ್ಲಾ ಪಾಠ ಮಾಡಾಕತ್ತೀರೇನ್ರಿ?”